ಸಮಾನಾರ್ಥಕ ಪದಗಳು ಎಷ್ಟು ಸಮಾನ?

ಪದವಿ ತರಗತಿಗೆ ಬರುವ ವೇಳೆಗೆ ನಮ್ಮ ವಿದ್ಯಾರ್ಥಿಗಳು ಸಮಾನಾರ್ಥಕ ಪದಗಳ ಹಲವು ಪಟ್ಟಿಗಳನ್ನು ಬಾಯಿಪಾಠ ಮಾಡಿರುತ್ತಾರೆ. ಕಾಡು ಎಂದರೆ ಅರಣ್ಯ, ವನ, ಅಡವಿ. ಮನೆ ಎಂದರೆ ಗೃಹ, ಸದನ, ಬೀಡು. ಬೆಟ್ಟ ಎಂದರೆ ಗಿರಿ, ಪರ್ವತ, ಮಲೆ. ಪರೀಕ್ಷೆಯಲ್ಲಿ ಅಂಕ ಗಳಿಸುವುದಕ್ಕೆ ಇಷ್ಟು ಸಾಕು. ಆದರೆ ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಿಗೆ ಇದು ಸಾಲದು. ಅಷ್ಟೇ ಅಲ್ಲ, ಇದು ಅವರ ದಾರಿಯನ್ನೂ ತಪ್ಪಿಸುತ್ತದೆ. ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಏನೂ ಆಗುವುದಿಲ್ಲವೆಂಬ ಭಾವನೆಯನ್ನು ಈ ಪಟ್ಟಿಗಳು ಬೆಳೆಸುತ್ತವೆ. ವಾಸ್ತವದಲ್ಲಿ ಭಾಷೆಯೊಂದರ ಬಾಳು ಇರುವುದು ಆ ಪದಗಳ ನಡುವಿನ ಅಂತರದಲ್ಲಿ. ಆ ಅಂತರವನ್ನು ಕಲಿಯಲು ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬಾಳುವ ಗಡಿನಾಡು ಅತ್ಯುತ್ತಮವಾದ ಪಾಠಶಾಲೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕಡೆಗೆ ನಿಮ್ಮ ಗಮನ ಸೆಳೆಯಬಯಸುತ್ತೇನೆ.

ಅಲ್ಲಿಗೆ ಹೋಗುವ ಮೊದಲು ನಮ್ಮ ನಿತ್ಯದ ಮಾತಿನಿಂದಲೇ ಒಂದು ಜೋಡಿಯನ್ನು ನೋಡೋಣ. ಉಣ್ಣು ಮತ್ತು ತಿನ್ನು ಎಂಬ ಎರಡು ಕ್ರಿಯಾಪದಗಳಿಗೂ ನಿಘಂಟಿನಲ್ಲಿ ಹೆಚ್ಚುಕಡಿಮೆ ಒಂದೇ ವಿವರಣೆ ದೊರೆಯುತ್ತದೆ. ಆದರೆ ನಾವು ಅನ್ನವನ್ನು ಉಣ್ಣುತ್ತೇವೆ, ಹಣ್ಣನ್ನು ತಿನ್ನುತ್ತೇವೆ. ದನ ಹುಲ್ಲು ತಿನ್ನುತ್ತದೆಯೇ ಹೊರತು ಉಣ್ಣುವುದಿಲ್ಲ. ಮಗು ಮೊಲೆಯುಣ್ಣುತ್ತದೆ, ಅಲ್ಲಿ ಅಗಿಯುವುದೇ ಇಲ್ಲ. ಲಂಚವನ್ನು ತಿನ್ನುತ್ತಾರೆ, ಏಟನ್ನು ತಿನ್ನುತ್ತಾರೆ, ಆದರೆ ಮಾಡಿದ ಕರ್ಮದ ಫಲವನ್ನು ಉಣ್ಣುತ್ತಾರೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಲ್ಲಿ ‘ತಿನ್ನೋ’ ಎಂದು ಹಾಕಿ ನೋಡಿದರೆ ಗಾದೆ ಸತ್ತುಹೋಗುತ್ತದೆ. ತಿನ್ನುವುದರಲ್ಲಿ ಹಲ್ಲಿನ ಕೆಲಸವೂ ಬಯಕೆಯೂ ಮುಂದಿವೆ. ಉಣ್ಣುವುದರಲ್ಲಿ ತನ್ನ ಪಾಲಿಗೆ ಬಡಿಸಿದ್ದನ್ನು ಒಳಗೆ ತೆಗೆದುಕೊಳ್ಳುವ ಭಾವವಿದೆ. ಈ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಲಿಲ್ಲ. ಮನೆಯಲ್ಲಿ ಕೇಳಿ ಕೇಳಿ ಬಂದದ್ದು. ಮನೆಯಲ್ಲಿ ಕೇಳುವ ಭಾಷೆ ಒಂದು, ಶಾಲೆಯಲ್ಲಿ ಬರೆಯುವ ಭಾಷೆ ಇನ್ನೊಂದು ಆದಾಗ ಈ ಅರಿವಿನ ಗತಿ ಏನು? ಸೇಲಂ–ಧರ್ಮಪುರಿಯ ಕನ್ನಡ ಕುಟುಂಬಗಳು ಪ್ರತಿದಿನ ಎದುರಿಸುವ ಪ್ರಶ್ನೆ ಇದು.

ಈ ಪ್ರದೇಶ ಕನ್ನಡಕ್ಕೆ ಹೊಸದಲ್ಲ. ಹಿಂದೆ ತಗಡೂರು ಎನಿಸಿದ್ದ ಧರ್ಮಪುರಿಯನ್ನು ನೊಳಂಬರು ಆಳಿದರು. ಅವರ ಕಾಲದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ಮುಂದೆ ಮೈಸೂರಿನ ಆಳ್ವಿಕೆಗೆ ಸೇರಿದ್ದ ಬಾರಾಮಹಲ್ ಪ್ರದೇಶವು 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ ಜಿಲ್ಲೆಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ ಜಿಲ್ಲೆಯೂ ಬೇರೆಯಾದವು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಬಂದರೂ ತಮಿಳು, ಕನ್ನಡ, ತೆಲುಗು ಮೂರೂ ಆ ನೆಲದಲ್ಲಿ ಒಟ್ಟಿಗೆ ಉಳಿದವು. ಸೇಲಂನ ನೇಕಾರಿಕೆಯ ಬೀದಿಗಳಲ್ಲಿ ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ದೇವಾಂಗರಲ್ಲಿ ಕನ್ನಡ ಮನೆಮಾತಿನವರಿದ್ದಾರೆ. ಹಳ್ಳಿಗಳಲ್ಲಿ ಬೇಸಾಯಗಾರ ಮನೆತನಗಳಿವೆ.

ಧರ್ಮಪುರಿ ಜಿಲ್ಲೆಯ ಹೊಗೆನಕಲ್ ಜಲಪಾತದ ಹೆಸರಿನಿಂದಲೇ ಪಾಠವನ್ನು ಆರಂಭಿಸಬಹುದು. ಹೊಗೆ ಮತ್ತು ಕಲ್ಲು ಎಂಬ ಎರಡು ಪದಗಳು ಕನ್ನಡಿಗನಿಗೆ ಕೂಡಲೇ ಕೇಳಿಸುತ್ತವೆ. ಹೊಗೆಗೆ ತಮಿಳಿನಲ್ಲಿ ಪುಗೈ ಎನ್ನುತ್ತಾರೆ. ಹಳಗನ್ನಡದಲ್ಲಿ ನಮ್ಮ ಮಾತೂ ಪೊಗೆ ಎಂದೇ ಇತ್ತು. ಪಕಾರವು ಹಕಾರವಾದ ನಮ್ಮ ಭಾಷೆಯ ಇತಿಹಾಸವೇ ಆ ಊರಿನ ಹೆಸರಿನಲ್ಲಿ ಅಚ್ಚಾಗಿದೆ. ಆದರೆ ಇಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಕಾವೇರಿ ಬಂಡೆಗಳ ಮೇಲೆ ಅಪ್ಪಳಿಸಿದಾಗ ಮೇಲೇಳುವುದು ನೀರಿನ ತುಂತುರು, ಅಲ್ಲಿ ಬೆಂಕಿಯಿಲ್ಲ. ಹಾಗಾದರೆ ಹೆಸರಿಟ್ಟವರು ಹಬೆ ಎನ್ನಲಿಲ್ಲವೇಕೆ, ಆವಿ ಎನ್ನಲಿಲ್ಲವೇಕೆ? ಹಬೆ ಮತ್ತು ಆವಿ ಬಿಸಿಯನ್ನು ಸೂಚಿಸುತ್ತವೆ. ಕುದಿಯುವ ಪಾತ್ರೆಯ ಬಾಯಿಗೆ ಹತ್ತಿರವಾದ ಮಾತುಗಳವು. ಹೊಗೆ ಬೆಂಕಿಯಿಂದ ಹುಟ್ಟಿದರೂ ಅದರ ಮುಖ್ಯ ಲಕ್ಷಣ ದೂರದಿಂದ ಕಾಣಿಸುವುದು, ಮುಗಿಲಿನತ್ತ ಏರುವುದು. ಹೆಸರಿಟ್ಟವರ ಕಣ್ಣಿಗೆ ಮುಖ್ಯವಾದದ್ದು ಆ ನೋಟ. ಮೂರು ಪದಗಳನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಅವರ ಆಯ್ಕೆ ನಮಗೆ ಕಾಣುವುದೇ ಇಲ್ಲ.

ಮಲೆ ಮತ್ತು ಬೆಟ್ಟಗಳ ವಿಷಯವೂ ಹೀಗೆಯೇ. ತಮಿಳಿನಲ್ಲಿ ಮಲೈ ಎಂಬುದು ಬೆಟ್ಟಕ್ಕೆ ಸಾಮಾನ್ಯವಾದ ಪದ. ಏರ್ಕಾಡು ಇರುವ ಶ್ರೇಣಿಗೆ ಸೇರ್ವರಾಯನ್ ಮಲೈ ಎನ್ನುತ್ತಾರೆ. ಕನ್ನಡದಲ್ಲಿ ಮಲೆ ಎಂದರೆ ಬರಿಯ ಎತ್ತರವಲ್ಲ. ಕಾಡು ಕವಿದ ಬೆಟ್ಟಗಳ ಸೀಮೆ. ಆದ್ದರಿಂದಲೇ ಮಲೆನಾಡು ಎಂಬ ಮಾತು ಇದೆ, ಬೆಟ್ಟನಾಡು ಎಂಬ ಮಾತು ರೂಢಿಗೆ ಬರಲಿಲ್ಲ. ಸೇಲಂ ಜಿಲ್ಲೆಯ ಮೆಟ್ಟೂರಿನ ಕಡೆಯಿಂದ ಭಕ್ತರು ಗಡಿ ದಾಟಿ ಬರುವ ಕ್ಷೇತ್ರದ ಹೆಸರು ಮಲೆ ಮಹದೇಶ್ವರ ಬೆಟ್ಟ. ಮಲೆ ಮತ್ತು ಬೆಟ್ಟ ಒಂದೇ ಆಗಿದ್ದರೆ ಈ ಹೆಸರಿನಲ್ಲಿ ಒಂದು ಪದ ವ್ಯರ್ಥವಾಗಬೇಕಿತ್ತು. ಹಾಗಾಗಿಲ್ಲ. ಎಪ್ಪತ್ತೇಳು ಮಲೆಗಳ ಒಡೆಯನಾದ ದೇವರು ನೆಲೆಸಿರುವ ಒಂದು ಬೆಟ್ಟ ಅದು. ಜನಪದರಿಗೆ ಈ ಲೆಕ್ಕ ತಪ್ಪಿಲ್ಲ. ತಪ್ಪಿರುವುದು ನಮ್ಮ ಪಟ್ಟಿಗಳಿಗೆ.

ಇನ್ನು ಮನೆಯ ಮಾತು. ಕನ್ನಡದ ಮನೆ ತಮಿಳಿನಲ್ಲಿ ಮನೈ ಆಗುತ್ತದೆಂದು ನಾವು ಸುಲಭವಾಗಿ ಊಹಿಸುತ್ತೇವೆ. ಮೂಲ ಒಂದೇ, ನಿಜ. ಆದರೆ ಇಂದಿನ ತಮಿಳಿನಲ್ಲಿ ವಾಸದ ಮನೆಗೆ ವೀಡು ಎನ್ನುತ್ತಾರೆ; ಮನೈ ಎಂಬುದು ವ್ಯವಹಾರದ ಮಾತಿನಲ್ಲಿ ಮನೆ ಕಟ್ಟುವ ಖಾಲಿ ಜಾಗ, ಅಂದರೆ ನಾವು ನಿವೇಶನ ಎನ್ನುವ ವಸ್ತು. ಹೆದ್ದಾರಿಯ ಬದಿಯಲ್ಲಿ ‘ವೀಟ್ಟು ಮನೈ’ ಮಾರಾಟಕ್ಕಿದೆ ಎಂಬ ಫಲಕವನ್ನು ಕಂಡ ಕನ್ನಡಿಗ ಮನೆಗಳು ಮಾರಾಟಕ್ಕಿವೆ ಎಂದುಕೊಂಡರೆ ಗೋಡೆಗೂ ಬಯಲಿಗೂ ವ್ಯತ್ಯಾಸವಾಗುತ್ತದೆ. ಇತ್ತ ತಮಿಳಿನ ವೀಡು ನಮ್ಮಲ್ಲಿ ಬೀಡು ಆಗಿದೆ. ಬಿಡು ಎಂಬ ಧಾತುವಿನಿಂದ ಬಂದ ಈ ಪದಕ್ಕೆ ಕನ್ನಡದಲ್ಲಿ ತಂಗುದಾಣ, ದಂಡು ಇಳಿದ ಜಾಗ ಎಂಬ ಅರ್ಥ. ಬೀಡುಬಿಡು, ನೆಲೆವೀಡು ಎಂಬ ಬಳಕೆಗಳಲ್ಲಿ ಅದು ಸ್ಪಷ್ಟ. ಒಂದು ಭಾಷೆ ತಂಗುವ ಜಾಗದ ಹೆಸರನ್ನು ವಾಸದ ಮನೆಗೆ ಇಟ್ಟುಕೊಂಡಿತು. ಇನ್ನೊಂದು ಅದನ್ನು ರಾಜರಿಗೂ ಸೈನ್ಯಕ್ಕೂ ಬಿಟ್ಟು ಮನೆ ಎಂಬುದನ್ನೇ ಉಳಿಸಿಕೊಂಡಿತು. ‘ಮನೆ ಎಂದರೆ ಬೀಡು’ ಎಂದು ಬರೆಯುವ ವಿದ್ಯಾರ್ಥಿ ಈ ಇಡೀ ಕಥೆಯನ್ನು ಒಂದು ಗೀಟಿನಲ್ಲಿ ಅಳಿಸಿಹಾಕುತ್ತಾನೆ.

ಕಾಡು ಎಂಬ ಪದ ಇನ್ನೂ ಸ್ವಾರಸ್ಯಕರವಾಗಿದೆ. ಸೇಲಂ ಕಡೆಯ ಹಳ್ಳಿಗಾಡಿನ ತಮಿಳಿನಲ್ಲಿ ರೈತನೊಬ್ಬ ‘ಕಾಡಿಗೆ ಹೋಗುತ್ತೇನೆ’ ಎಂದರೆ ಅರಣ್ಯಕ್ಕೆ ಹೊರಟನೆಂದು ಅರ್ಥವಲ್ಲ. ಮಳೆಯಾಶ್ರಿತ ಹೊಲಕ್ಕೆ ಹೊರಟನೆಂದು ಅರ್ಥ. ಬಾವಿಯ ನೀರುಂಟಾದ ಜಮೀನಿಗೆ ಅವರು ತೋಟ ಎನ್ನುತ್ತಾರೆ. ಆ ಸೀಮೆಯ ಕನ್ನಡಿಗನ ಬಾಯಲ್ಲಿ ಇಂಥ ಬಳಕೆ ಕೇಳಿಬಂದರೆ ‘ಇವರ ಕನ್ನಡ ಕೆಟ್ಟಿದೆ’ ಎಂದು ತೀರ್ಪು ಕೊಡಲು ನಾವು ಮುಂದಾಗುತ್ತೇವೆ. ಆದರೆ ನಮ್ಮ ಶಾಸನಗಳ ಭಾಷೆಯನ್ನು ಒಮ್ಮೆ ನೆನೆಯಬೇಕು. ಅಲ್ಲಿ ನೀರಾರಂಭ, ಕಾಡಾರಂಭ ಎಂಬ ಜೋಡಿ ಪದಗಳು ಬರುತ್ತವೆ. ನೀರಾರಂಭ ಎಂದರೆ ನೀರಾವರಿಯ ಬೇಸಾಯ, ಕಾಡಾರಂಭ ಎಂದರೆ ಮಳೆಯನ್ನು ನಂಬಿದ ಬೇಸಾಯ. ಅಂದರೆ ಕಾಡು ಎಂಬ ಪದಕ್ಕೆ ಒಣಭೂಮಿಯ ಅರ್ಥಚ್ಛಾಯೆ ಕನ್ನಡದೊಳಗೇ ಇತ್ತು. ನಾವು ಅದನ್ನು ಸಮಾಸದಲ್ಲಿ ಮಾತ್ರ ಉಳಿಸಿಕೊಂಡು ಮರೆತೆವು. ನೆರೆಯ ಭಾಷೆಯ ಬಳಕೆ ನಮ್ಮ ಹಳೆಯ ಶಾಸನಕ್ಕೆ ಇಲ್ಲಿ ಟೀಕೆಯಾಗುತ್ತದೆ.

ಇದು ಕೇವಲ ಪದಚಿಂತನೆಯಲ್ಲ. 1792ರ ನಂತರ ಬಾರಾಮಹಲ್‌ನಲ್ಲಿ ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿ ಧರ್ಮಪುರಿಯಲ್ಲಿದ್ದ ಥಾಮಸ್ ಮನ್ರೋ ಭೂಮಿಯನ್ನು ಅಳೆಸಿ ರೈತವಾರಿ ಕಂದಾಯ ಪದ್ಧತಿಗೆ ತಳಹದಿ ಹಾಕಿದರು. ಭೂಮಿ ಖುಷ್ಕಿಯೋ ತರಿಯೋ ಬಾಗಾಯ್ತೋ ಎಂಬುದರ ಮೇಲೆ ರೈತ ತೆರಬೇಕಾದ ಕಂದಾಯ ನಿಲ್ಲುವ ವ್ಯವಸ್ಥೆಯಲ್ಲಿ ಹೊಲ, ಗದ್ದೆ, ತೋಟ ಎಂಬ ಮೂರು ಮಾತುಗಳನ್ನು ‘ಜಮೀನು’ ಎಂಬ ಒಂದೇ ಪದಕ್ಕೆ ಪರ್ಯಾಯವೆಂದು ಎಣಿಸುವ ಸ್ವಾತಂತ್ರ್ಯ ಯಾವ ರೈತನಿಗೂ ಇರಲಿಲ್ಲ. ಪದಗಳ ಅಂತರಕ್ಕೆ ಬೆಲೆ ತೆತ್ತವರೇ ಅದನ್ನು ಚೆನ್ನಾಗಿ ಬಲ್ಲವರು.

ನೇಕಾರರ ಮನೆಗೆ ಬಂದರೆ ನೂಲು, ಎಳೆ, ದಾರ, ಹುರಿ ಎಂಬ ಪದಗಳು ಎದುರಾಗುತ್ತವೆ. ನೂತು ತೆಗೆದದ್ದು ನೂಲು. ಅದರ ಒಂದೊಂದು ತಂತು ಎಳೆ. ಹೊಲಿಯಲು ಬಳಸುವುದು ದಾರ. ಹೊಸೆದು ಗಟ್ಟಿ ಮಾಡಿದ್ದು ಹುರಿ. ಬೆಳ್ಳನೆಯ ರೇಷ್ಮೆ ಪಂಚೆಗೆ ಹೆಸರಾದ ಸೇಲಂನಲ್ಲಿ ಇವುಗಳನ್ನು ಬೆರೆಸಿ ಮಾತನಾಡಿದರೆ ಮಗ್ಗದ ಕೆಲಸವೇ ನಡೆಯುವುದಿಲ್ಲ. ಅಂಥ ಮನೆಯ ಮಗು ಶಾಲೆಗೆ ಹೋದಾಗ ನೂಲ್ ಎಂಬ ಪದಕ್ಕೆ ಇನ್ನೊಂದು ಅರ್ಥ ಕಲಿಯುತ್ತದೆ. ತಮಿಳಿನಲ್ಲಿ ನೂಲ್ ಎಂದರೆ ಗ್ರಂಥವೂ ಹೌದು. ಗ್ರಂಥಾಲಯಕ್ಕೆ ನೂಲಗಂ ಎನ್ನುತ್ತಾರೆ. ಕನ್ನಡದ ನೂಲು ಆ ದಾರಿಯಲ್ಲಿ ಹೋಗಲಿಲ್ಲ. ನಾವು ಹೊತ್ತಗೆ, ಗ್ರಂಥ, ಪುಸ್ತಕ, ಕೃತಿ ಎಂಬ ಬೇರೆ ಪದಗಳನ್ನು ಬೆಳೆಸಿದೆವು. ತಮಿಳು, ತೆಲುಗು, ಕನ್ನಡ ಮೂರೂ ಬೆರೆಯುವಲ್ಲಿ ಗೊಂದಲ ಇನ್ನೂ ಹೆಚ್ಚು. ಅವಸರ ಎಂದರೆ ಕನ್ನಡಕ್ಕೂ ತಮಿಳಿಗೂ ತ್ವರೆ, ತೆಲುಗಿಗೆ ಅಗತ್ಯ. ಒಬ್ಬನು ‘ಹಣ ಬೇಕಾಗಿದೆ’ ಎಂದದ್ದು ಇನ್ನೊಬ್ಬನಿಗೆ ‘ಈಗಲೇ ಕೊಡು’ ಎಂದು ಕೇಳಿಸಬಹುದು.

ಇಷ್ಟು ಹೊತ್ತು ನಾಮಪದಗಳನ್ನು ನೋಡಿದೆವು. ಭಾಷೆಯ ಬುಡಕ್ಕೆ ಸಂಬಂಧಿಸಿದ ಜೋಡಿಯೊಂದಿದೆ: ಅಲ್ಲ ಮತ್ತು ಇಲ್ಲ. ‘ಅವನು ನನ್ನ ತಮ್ಮನಲ್ಲ’ ಎಂದರೆ ಅವನು ಬೇರೆ ಯಾರೋ. ‘ನನಗೆ ತಮ್ಮನಿಲ್ಲ’ ಎಂದರೆ ತಮ್ಮನೆಂಬವನೇ ಲೋಕದಲ್ಲಿಲ್ಲ. ಮೊದಲನೆಯದು ಗುರುತನ್ನು ನಿರಾಕರಿಸುತ್ತದೆ, ಎರಡನೆಯದು ಇರವನ್ನು. ಗ್ರಾಂಥಿಕ ತಮಿಳಿನಲ್ಲೂ ಈ ಭೇದವಿದೆ. ಆದರೆ ಇಂದಿನ ಆಡುಮಾತಿನ ತಮಿಳು ಇಲ್ಲೈ ಎಂಬ ಒಂದೇ ಪದದಿಂದ ಎರಡೂ ಕೆಲಸ ಮಾಡಿಸುತ್ತದೆ. ತಮಿಳಿನಲ್ಲೇ ಓದಿ ಬೆಳೆದ ಕನ್ನಡ ಮನೆಯ ಮಗುವಿಗೆ ಅಲ್ಲ ಎಂಬುದನ್ನು ಕಳೆದುಕೊಳ್ಳುವ ಅಪಾಯ ಇಲ್ಲಿಂದ ಹುಟ್ಟುತ್ತದೆ. ಈ ಒಂದು ಪದ ಹೋದರೆ ಕನ್ನಡದ ನಿರಾಕರಣೆಯ ವ್ಯವಸ್ಥೆಯ ಅರ್ಧಭಾಗ ಹೋದಂತೆ.

ಈ ಭೇದದ ಬೆಲೆ ಹೊರಗಿನ ಭಾಷೆಯೊಂದರ ಎದುರಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಇಂಗ್ಲಿಷಿನ ಒಂದು ಕ್ರಿಯಾಪದಕ್ಕೆ ಪ್ರತಿಯಾಗಿ ‘ಸೇರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಿವೆ. ಒಬ್ಬನು ವೈದ್ಯ ಎನ್ನಲು ಸೇರ್; ಮನೆಯಲ್ಲಿದ್ದಾನೆ, ಆರೋಗ್ಯವಾಗಿದ್ದಾನೆ ಎನ್ನಲು ಎಸ್ತಾರ್. ‘ಲಿಸ್ತೋ’ ಎಂಬ ಗುಣವಾಚಕ ಸೇರ್ ಜೊತೆ ಬಂದರೆ ಜಾಣ, ಎಸ್ತಾರ್ ಜೊತೆ ಬಂದರೆ ಸಿದ್ಧ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ದೊಡ್ಡ ತೊಡಕು. ಶಾಶ್ವತವಾದುದಕ್ಕೆ ಸೇರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಎಂಬ ಸುಲಭ ಸೂತ್ರವನ್ನು ಅವರಿಗೆ ಹೇಳಿಕೊಡುವುದುಂಟು. ಆದರೆ ಸಾವಿಗಿಂತ ಶಾಶ್ವತವಾದುದು ಯಾವುದು? ‘ಸತ್ತಿದ್ದಾನೆ’ ಎನ್ನಲು ಸ್ಪ್ಯಾನಿಷ್ ಎಸ್ತಾರನ್ನೇ ಬಳಸುತ್ತದೆ. ಕನ್ನಡಿಗನಿಗೆ ಇಲ್ಲಿ ಆಶ್ಚರ್ಯಪಡಲು ಕಾರಣವಿಲ್ಲ. ನಾವೂ ‘ಸತ್ತು ಇದ್ದಾನೆ’ ಎಂದೇ ಹೇಳುತ್ತೇವೆ. ಅದೇ ರೀತಿ ‘ವೈದ್ಯನಲ್ಲ’, ಆದರೆ ‘ಮನೆಯಲ್ಲಿಲ್ಲ’, ‘ಆರೋಗ್ಯವಾಗಿಲ್ಲ’ ಎನ್ನುತ್ತೇವೆ. ಸ್ಪ್ಯಾನಿಷ್ ಭಾಷೆ ಹೌದೆನ್ನುವಾಗಲೂ ತೋರಿಸುವ ಭೇದವನ್ನು ಕನ್ನಡ ನಿರಾಕರಿಸುವಾಗ ತೋರಿಸುತ್ತದೆ. ಎರಡೂ ಎಲ್ಲೆಡೆ ಒಂದಕ್ಕೊಂದು ಹೊಂದುವುದಿಲ್ಲವಾದರೂ ಅಲ್ಲ–ಇಲ್ಲಗಳನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಆ ದೂರದ ಭಾಷೆಯ ಬಾಗಿಲು ಅರ್ಧ ತೆರೆದೇ ಇರುತ್ತದೆ. ತನ್ನ ಭಾಷೆಯ ಸೂಕ್ಷ್ಮವನ್ನು ಬಲ್ಲವನು ಪರಭಾಷೆಯನ್ನೂ ಬೇಗ ಬಲ್ಲನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಭಾಷೆ ಬದಲಾಗುತ್ತಲೇ ಇರುತ್ತದೆ. ಬಳಕೆಯೇ ಅದರ ಒಡೆಯ. ಹಳೆಯ ಅಂತರಗಳನ್ನು ಹಿಡಿದುಕೊಂಡು ಕೂರುವುದೇಕೆ ಎಂದು ಕೇಳುವವರಿದ್ದಾರೆ. ಬದಲಾವಣೆಗೆ ನನ್ನ ವಿರೋಧವಿಲ್ಲ. ಉತ್ತರ ಕರ್ನಾಟಕದಲ್ಲಿ ಬೇವಿನ ಮರವನ್ನು ಬೇವಿನ ಗಿಡ ಎನ್ನುತ್ತಾರೆ. ಅದು ತಪ್ಪಲ್ಲ, ಅಲ್ಲಿ ಮರ–ಗಿಡಗಳ ನಡುವಿನ ಗೆರೆ ಬೇರೆ ಕಡೆ ಬಿದ್ದಿದೆ. ಸೇಲಂನ ಕಾಡು ಕೂಡ ಹಾಗೆಯೇ. ಗೆರೆ ಸರಿಯುವುದು ಒಂದು, ಗೆರೆಯೇ ಅಳಿಸಿಹೋಗುವುದು ಇನ್ನೊಂದು. ಸರಿದ ಗೆರೆಯನ್ನು ಗೌರವದಿಂದ ಗುರುತಿಸಬೇಕು. ಅಳಿಯುತ್ತಿರುವ ಗೆರೆಯನ್ನು ಎಚ್ಚರದಿಂದ ಉಳಿಸಿಕೊಳ್ಳಬೇಕು. ನಾವು ಮಾಡುತ್ತಿರುವುದು ಇದಕ್ಕೆ ತಿರುಗುಮುರುಗು. ಗಡಿನಾಡಿನವರ ಸರಿದ ಗೆರೆಯನ್ನು ‘ಬೆರಕೆ ಕನ್ನಡ’ ಎಂದು ಹೀಗಳೆಯುತ್ತೇವೆ. ನಮ್ಮ ಪಟ್ಟಿಗಳಲ್ಲಿ ಗೆರೆಗಳನ್ನು ನಾವೇ ಅಳಿಸುತ್ತೇವೆ.

ಹೀಗೆ ಅಳಿಸಿದ ಗೆರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಮನೆಮಾತು ಮತ್ತು ನಾಡನುಡಿ ಎಂಬೆರಡರ ನಡುವಿನದು. ಭಾಷಣಗಳಲ್ಲಿ ಇವೆರಡನ್ನೂ ನಾವು ಪರ್ಯಾಯವಾಗಿ ಬಳಸುತ್ತೇವೆ. ಸೇಲಂನ ನೇಕಾರ ಕುಟುಂಬಕ್ಕೆ ಕನ್ನಡ ಮನೆಮಾತು, ತಮಿಳು ನಾಡನುಡಿ. 2006ರ ತಮಿಳು ಕಲಿಕೆ ಕಾಯ್ದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳು ಕಡ್ಡಾಯ ಪಾಠವಾಯಿತು. ನಾಡನುಡಿಯನ್ನು ಕಲಿಯುವುದು ಅಗತ್ಯ ಮತ್ತು ನ್ಯಾಯ. ಕರ್ನಾಟಕದಲ್ಲಿ ನಾವೂ ಅದನ್ನೇ ಬಯಸುತ್ತೇವೆ. ಆದರೆ ನಾಡನುಡಿ ಮತ್ತು ಮನೆಮಾತು ಒಂದೇ ಎಂದು ಭಾವಿಸಿದ ಕ್ಷಣದಲ್ಲಿ ಆ ಕುಟುಂಬದ ಕನ್ನಡಕ್ಕೆ ಲೆಕ್ಕದಲ್ಲಿ ಜಾಗವಿಲ್ಲದಾಗುತ್ತದೆ. ಇದೇ ಭಾವನೆ ಕರ್ನಾಟಕದಲ್ಲಿ ತುಳು, ಕೊಡವ, ಕೊಂಕಣಿ, ಉರ್ದು, ತೆಲುಗು, ತಮಿಳು ಮನೆಮಾತಿನವರಿಗೂ ಅನ್ಯಾಯ ಮಾಡುತ್ತದೆ. ಕನ್ನಡಿಗ ಮತ್ತು ಕರ್ನಾಟಕದವ ಎಂಬ ಜೋಡಿಯೂ ಹಾಗೆಯೇ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಧರ್ಮಪುರಿಯ ಕನ್ನಡ ಮನೆಗಳು ಆಚೆ ಉಳಿದವು. ಅಲ್ಲಿನವರು ಕರ್ನಾಟಕದವರಲ್ಲ, ಆದರೆ ಅಲ್ಲಿ ಕನ್ನಡಿಗರು ಇಲ್ಲ ಎನ್ನುವಂತಿಲ್ಲ. ಅಲ್ಲ ಮತ್ತು ಇಲ್ಲಗಳ ಭೇದ ವ್ಯಾಕರಣದ ಪುಸ್ತಕದಿಂದ ಬದುಕಿಗೆ ಇಳಿಯುವುದು ಇಂಥ ವಾಕ್ಯದಲ್ಲಿ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇದಕ್ಕಾಗಿ ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಸಮಾನಾರ್ಥಕಗಳ ಪಟ್ಟಿಯ ಬದಲು ಅಂತರಗಳ ಪುಸ್ತಕವೊಂದನ್ನು ಇಟ್ಟುಕೊಳ್ಳಿರಿ. ಪ್ರತಿ ಜೋಡಿಯನ್ನೂ ಮೂರು ರೀತಿಯಲ್ಲಿ ಪರೀಕ್ಷಿಸಿರಿ. ಒಂದು, ಒಂದೇ ವಾಕ್ಯದಲ್ಲಿ ಪದವನ್ನು ಬದಲಿಸಿ ಎಲ್ಲಿ ವಾಕ್ಯ ಕೆಡುತ್ತದೆ ನೋಡುವುದು. ಎರಡು, ಗಾದೆ ಮತ್ತು ಸಮಾಸಗಳಲ್ಲಿ ಯಾವುದು ನಿಲ್ಲುತ್ತದೆ ಎಂದು ಹುಡುಕುವುದು. ಮೂರು, ನೆರೆಯ ಭಾಷೆಯಲ್ಲಿ ಅದೇ ಪದ ಎಲ್ಲಿಗೆ ಹೋಗಿದೆ ಎಂದು ವಿಚಾರಿಸುವುದು. ಮೂರನೆಯದಕ್ಕೆ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಇಂದಿಗೂ ನೆರವಾಗುತ್ತದೆ. ಅದರಲ್ಲಿ ಕನ್ನಡ ಪದಗಳ ಜೊತೆಗೆ ತಮಿಳು, ತೆಲುಗು ಮೊದಲಾದ ಭಾಷೆಗಳ ಸೋದರ ರೂಪಗಳಿವೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ಕೋಶ ಇನ್ನೂ ಮುಂದಕ್ಕೆ ಕರೆದೊಯ್ಯುತ್ತದೆ. ತರಗತಿಯಲ್ಲಿ ತಮಿಳು ಅಥವಾ ತೆಲುಗು ಬಲ್ಲ ಸಹಪಾಠಿಗಳಿದ್ದರೆ ಅವರೇ ನಿಮ್ಮ ಮೊದಲ ನಿಘಂಟು. ಇಷ್ಟು ದಿನ ಯಾರ ಕನ್ನಡವನ್ನು ತಿದ್ದಲು ಹೊರಟಿದ್ದೆವೋ ಅವರಿಂದ ಕೇಳಿ ಕಲಿಯುವ ಕೆಲಸ ಅಲ್ಲಿಂದ ಮೊದಲಾಗಲಿ.